ಭಾವನೆ ಪ್ರಯೋಗಾಲಯದಲ್ಲೂ ಇತ್ತು: ಪ್ರೊ. ಶಾರನ್ ರಸ್ಟನ್ ಅವರ ಕೆಲಸದ ಬಗ್ಗೆ ಮಾತಾಡೋಣ

ಹಳೇಪುಸ್ತಕ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಗ್ಲಿಷ್ ಎಂಎ ಮಾಡಿದವರೂ ಇದ್ದೀರಿ, ವಿಜ್ಞಾನದ ಕಡೆಯವರೂ ಇದ್ದೀರಿ. ಅದಕ್ಕೇ ಈ ವಿಷಯ ಹಾಕುತ್ತಿದ್ದೇನೆ.

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶಾರನ್ ರಸ್ಟನ್ ಅಂತ ಒಬ್ಬರು ಪ್ರೊಫೆಸರ್ ಇದ್ದಾರೆ. ರೊಮ್ಯಾಂಟಿಕ್ ಸಾಹಿತ್ಯ, ಅಂದರೆ 1800ರ ಆಸುಪಾಸಿನ ವರ್ಡ್ಸ್‌ವರ್ತ್, ಕೀಟ್ಸ್, ಶೆಲ್ಲಿಯಂಥ ಕವಿಗಳ ಕಾಲದ ಇಂಗ್ಲಿಷ್ ಸಾಹಿತ್ಯ, ಅವರ ಕ್ಷೇತ್ರ. 2005ರಲ್ಲಿ ಕವಿ ಶೆಲ್ಲಿಯ ಬಗ್ಗೆ ಅವರ ಪುಸ್ತಕ ಬಂತು. ಜೀವ ಅಂದರೆ ಏನು ಅಂತ ಆ ಕಾಲದ ಡಾಕ್ಟರುಗಳು ದೊಡ್ಡ ಜಗಳವನ್ನೇ ಆಡಿದ್ದರು. ಆ ಜಗಳ ಶೆಲ್ಲಿಯ ಪದ್ಯಗಳೊಳಗೆ ಹೇಗೆ ಸೇರಿಕೊಂಡಿದೆ ಅನ್ನುವುದು ಅದರ ವಿಷಯ. 2013ರಲ್ಲಿ ಇನ್ನೊಂದು ಪುಸ್ತಕ: 1790ರ ದಶಕದ ಸಾಹಿತ್ಯ, ವಿಜ್ಞಾನ, ವೈದ್ಯಕೀಯ ಮೂರನ್ನೂ ಒಟ್ಟಿಗೆ ಇಟ್ಟು ಓದಿದ್ದು. 2020ರಲ್ಲಿ ಟಿಮ್ ಫುಲ್ಫರ್ಡ್ ಅವರ ಜೊತೆ ಸೇರಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಪತ್ರಗಳನ್ನು ನಾಲ್ಕು ಸಂಪುಟಗಳಲ್ಲಿ ತಂದರು. 2021ರಲ್ಲಿ ಕವಿ ಶೆಲ್ಲಿಯ ಹೆಂಡತಿ ಮೇರಿ ಶೆಲ್ಲಿ ಬರೆದ ಫ್ರಾಂಕೆನ್‌ಸ್ಟೈನ್ ಕಾದಂಬರಿಯ ಹಿಂದಿರುವ ವಿಜ್ಞಾನದ ಬಗ್ಗೆ ಬರೆದರು. ಡೇವಿಯ ನೋಟ್‌ಬುಕ್ಕುಗಳನ್ನು ಸಾರ್ವಜನಿಕರ ಕೈಯಿಂದಲೇ ಅಕ್ಷರಕ್ಕಿಳಿಸುವ ದೊಡ್ಡ ಯೋಜನೆಯನ್ನೂ ನಡೆಸಿದ್ದಾರೆ.

ಸಾಹಿತ್ಯದ ಪ್ರೊಫೆಸರ್ ಒಬ್ಬರು ಇಷ್ಟು ವರ್ಷ ಒಬ್ಬ ಕೆಮಿಸ್ಟ್ ಹಿಂದೆ ಯಾಕೆ ಬಿದ್ದರು? ನನಗೆ ಅನ್ನಿಸುವುದು ಇಷ್ಟು. ಭಾವನೆ ಕವಿಯ ಪಾಲು, ಲೆಕ್ಕ ವಿಜ್ಞಾನಿಯ ಪಾಲು ಅನ್ನುವ ಹಂಚಿಕೆ 1800ರಲ್ಲಿ ಇರಲೇ ಇಲ್ಲ. ಅದನ್ನು ಆಮೇಲೆ ಬಂದವರು ಮಾಡಿದರು. ನಾವು ಅದನ್ನೇ ಕಣ್ಣುಮುಚ್ಚಿ ಪಾಠ ಮಾಡುತ್ತಾ ಬಂದಿದ್ದೇವೆ. ರಸ್ಟನ್ ಹಳೆಯ ಕಾಗದಗಳನ್ನು ತೆಗೆದು ಆ ಹಂಚಿಕೆ ಸುಳ್ಳು ಅಂತ ತೋರಿಸಿದ್ದಾರೆ. ನಿಮಗೆಲ್ಲ ಏನನ್ನಿಸುತ್ತದೆ?

ಎಂಎ_ಫೈನಲ್

ಸರ್, ನಮ್ಮ ನೋಟ್ಸ್‌ನಲ್ಲಿ ಮೊದಲ ಸಾಲೇ 'ರೊಮ್ಯಾಂಟಿಸಿಸಂ ಎಂದರೆ ವಿಜ್ಞಾನ ಮತ್ತು ವಿಚಾರವಾದದ ವಿರುದ್ಧದ ಪ್ರತಿಕ್ರಿಯೆ' ಅಂತ ಇದೆ. ಪರೀಕ್ಷೆಯಲ್ಲಿ ಅದನ್ನೇ ಬರೆದು ಮಾರ್ಕ್ಸ್ ತಗೊಂಡಿದ್ದೇವೆ.

ಅದು ಪೂರ್ತಿ ಸುಳ್ಳು ಅನ್ನುವುದಕ್ಕೂ ಆಗಲ್ಲ ಅಲ್ವಾ? ಕೀಟ್ಸ್ ಕಥೆ ಇದೆಯಲ್ಲ. 1817ರ ಡಿಸೆಂಬರ್ 28ರಂದು ಚಿತ್ರಕಾರ ಹೇಡನ್ ಮನೆಯಲ್ಲಿ ಊಟ. ವರ್ಡ್ಸ್‌ವರ್ತ್, ಕೀಟ್ಸ್, ಚಾರ್ಲ್ಸ್ ಲ್ಯಾಂಬ್ ಎಲ್ಲ ಇದ್ದರು. ನ್ಯೂಟನ್ ಕಾಮನಬಿಲ್ಲನ್ನು ಬರೀ ಬಣ್ಣಗಳ ಪಟ್ಟಿ ಮಾಡಿ ಅದರ ಕವಿತೆಯನ್ನೇ ಕೊಂದ ಅಂತ ಲ್ಯಾಂಬ್ ಮತ್ತು ಕೀಟ್ಸ್ ಇಬ್ಬರೂ ಒಪ್ಪಿದರು. ಗಣಿತ ಹಾಳಾಗಲಿ ಅಂತ ಗ್ಲಾಸ್ ಎತ್ತಿದರು. ಆಮೇಲೆ 1820ರ 'ಲೇಮಿಯಾ'ದಲ್ಲಿ ಕೀಟ್ಸ್ ಇದನ್ನೇ ಪದ್ಯದಲ್ಲೂ ಹೇಳಿದ. ಇದಕ್ಕೆ ರಸ್ಟನ್ ಅವರ ಕಡೆಯಿಂದ ಉತ್ತರ ಏನು?

ಹಳೇಪುಸ್ತಕ

ಒಳ್ಳೆಯ ಪ್ರಶ್ನೆ ಹಾಕಿದೆಯಪ್ಪಾ. ಆ ಊಟದ ಕಥೆ ನಿಜ. ಹೇಡನ್ ಸ್ವತಃ ಬರೆದಿಟ್ಟಿದ್ದಾನೆ. ಆದರೆ ಆ ರಾತ್ರಿ ಗ್ಲಾಸ್ ಎತ್ತಿದ ಕೀಟ್ಸ್ ಯಾರು ಅಂತ ಒಮ್ಮೆ ನೋಡು. ಸರ್ಜನ್ ಒಬ್ಬರ ಹತ್ತಿರ ವರ್ಷಗಟ್ಟಲೆ ಕೆಲಸ ಕಲಿತವನು. 1815ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆ ಸೇರಿದವನು. ಅಲ್ಲಿ ಡ್ರೆಸರ್ ಆಗಿ ಗಾಯ ಕಟ್ಟಿದ್ದಾನೆ, ಆಪರೇಷನ್ನುಗಳಲ್ಲಿ ಪಕ್ಕದಲ್ಲಿ ನಿಂತಿದ್ದಾನೆ. 1816ರ ಜುಲೈನಲ್ಲಿ ವೈದ್ಯ ವೃತ್ತಿಯ ಪರೀಕ್ಷೆ ಪಾಸಾದ. ಅಂಗರಚನೆಯ ಪಾಠಕ್ಕೆ ಅವನು ಬರೆದುಕೊಂಡ ನೋಟ್ಸ್ ಪುಸ್ತಕ ಇವತ್ತಿಗೂ ಇದೆ. ಅಂಚಿನಲ್ಲಿ ಹೂವಿನ ಚಿತ್ರ ಬಿಡಿಸಿದ್ದಾನೆ. ಪಕ್ಕದಲ್ಲೇ ನರ, ಮೂಳೆಗಳ ವಿವರ.

ಅವನ ಪದ್ಯದಲ್ಲಿ ನೋವು ಮೈಯಲ್ಲಿ ಎಲ್ಲೆಲ್ಲಿ ಏಳುತ್ತದೆ, ಹಣೆ ಹೇಗೆ ಬೆವರುತ್ತದೆ, ನಾಲಿಗೆ ಹೇಗೆ ಒಣಗುತ್ತದೆ ಅಂತೆಲ್ಲ ಅಷ್ಟು ನಿಖರವಾಗಿ ಬರುತ್ತದಲ್ಲ, ಅದರಲ್ಲಿ ಆಸ್ಪತ್ರೆಯ ವಾರ್ಡ್ ಇದೆ. ಒಂದು ರಾತ್ರಿ ಊಟದಲ್ಲಿ ಆಡಿದ ಮಾತನ್ನು ಹಿಡಿದು ಇಡೀ ಕಾಲಕ್ಕೆ ಹಣೆಪಟ್ಟಿ ಅಂಟಿಸುವುದು ನನಗೆ ಸರಿ ಕಾಣಲ್ಲ.

ಕೆಮಿಸ್ಟ್ರಿ_ಮೇಡಂ

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳುವವಳು. ಡೇವಿ ಅಂದರೆ ನಮಗೆ 1807ರಲ್ಲಿ ವಿದ್ಯುತ್ ಹರಿಸಿ ಪೊಟ್ಯಾಸಿಯಂ, ಸೋಡಿಯಂ ಬೇರ್ಪಡಿಸಿದವನು, 1815ರಲ್ಲಿ ಗಣಿ ಕೆಲಸಗಾರರ ದೀಪ ಮಾಡಿದವನು. ಪೊಟ್ಯಾಸಿಯಂನ ಸಣ್ಣ ಗುಂಡುಗಳು ಹೊರಪದರ ಒಡೆದು ಬಂದು ಗಾಳಿ ತಾಗುತ್ತಲೇ ಹೊತ್ತಿಕೊಂಡದ್ದನ್ನು ನೋಡಿ ಅವನು ಪ್ರಯೋಗಾಲಯದ ತುಂಬ ಕುಣಿದಾಡಿದನಂತೆ. ಜೊತೆಗೆ ಕೆಲಸ ಮಾಡುತ್ತಿದ್ದ ಅವನ ಸೋದರ ಸಂಬಂಧಿ ಎಡ್ಮಂಡ್ ಡೇವಿ ಹೇಳಿದ್ದು. ಈ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಹೇಳುತ್ತೇನೆ. ಅವರೂ ಖುಷಿಪಡುತ್ತಾರೆ.

ನನ್ನ ಪ್ರಶ್ನೆ ಬೇರೆ. ಡೇವಿಯ ಬಗ್ಗೆ ವಿಜ್ಞಾನ ಚರಿತ್ರೆಯವರು ಬೇಕಾದಷ್ಟು ಬರೆದಿದ್ದಾರೆ. ಅವರಿಗೆ ಕಾಣದ್ದು ಸಾಹಿತ್ಯದ ಪ್ರೊಫೆಸರ್‌ಗೆ ಏನು ಕಾಣುತ್ತದೆ?

ಹಳೇಪುಸ್ತಕ

ಮೇಡಂ, ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ಬೇಸರ ಮಾಡಿಕೊಳ್ಳಬೇಡಿ.

ಪೊಟ್ಯಾಸಿಯಂಗಿಂತ ಎಂಟು ವರ್ಷ ಹಿಂದಕ್ಕೆ ಹೋಗೋಣ. 1799, ಬ್ರಿಸ್ಟಲ್ ಊರು. ಡಾಕ್ಟರ್ ಥಾಮಸ್ ಬೆಡೋಸ್ ಅಲ್ಲಿ ಒಂದು ಸಂಸ್ಥೆ ತೆರೆದಿದ್ದ. ಗಾಳಿ, ಅನಿಲ ಕುಡಿಸಿ ಕ್ಷಯದಂಥ ಕಾಯಿಲೆ ವಾಸಿ ಮಾಡಬಹುದೇ ಅಂತ ನೋಡುವ ಆಸ್ಪತ್ರೆ ಅದು. ಅದಕ್ಕೆ ಬೇಕಾದ ಉಪಕರಣಗಳನ್ನು ಉಗಿಯಂತ್ರದ ಜೇಮ್ಸ್ ವಾಟ್ ಮಾಡಿಕೊಟ್ಟಿದ್ದ. ವಾಟ್‌ನ ಮಗಳು ಜೆಸ್ಸಿ 1794ರಲ್ಲಿ ಕ್ಷಯದಿಂದ ತೀರಿಕೊಂಡಿದ್ದಳು. ಮಗಳನ್ನು ಕಳಕೊಂಡ ಅಪ್ಪನ ಸಂಕಟವೂ ಆ ಉಪಕರಣಗಳ ಹಿಂದೆ ಇದೆ. ಡೇವಿ ಅಲ್ಲಿಗೆ ಬಂದದ್ದು ಕಾರ್ನ್‌ವಾಲ್‌ನ ಪೆನ್ಜಾನ್ಸ್‌ನಿಂದ. ಆಗಿನ್ನೂ ಇಪ್ಪತ್ತರ ಹುಡುಗ. ಆಗಲೇ ಪದ್ಯ ಬರೆಯುತ್ತಿದ್ದ.

ಅಲ್ಲಿ ಅವನು ನೈಟ್ರಸ್ ಆಕ್ಸೈಡ್ ಸೇದಿ ನೋಡಿದ. ನಮ್ಮ ಪಠ್ಯದ 'ನಗೆ ಅನಿಲ' ಅದೇ. ತಾನು ಸೇದಿದ, ಗೆಳೆಯರಿಗೂ ಸೇದಿಸಿದ. ರೇಷ್ಮೆ ಚೀಲದಲ್ಲಿ ಅನಿಲ ತುಂಬಿ ಕೊಡುವುದು, ಆಮೇಲೆ 'ನಿನಗೆ ಏನನ್ನಿಸಿತು, ಬರೆದುಕೊಡು' ಅನ್ನುವುದು. ಬರೆದುಕೊಟ್ಟವರು ಯಾರು ಗೊತ್ತಾ? ಕವಿ ಕೋಲ್‌ರಿಡ್ಜ್, ಕವಿ ಸೌದಿ. ಮುಂದೆ 1852ರಲ್ಲಿ ಇಂಗ್ಲಿಷಿಗೆ ಪ್ರಸಿದ್ಧ ಪದಕೋಶ ಕೊಟ್ಟ ಪೀಟರ್ ರೋಜೆ ಕೂಡ ಇದ್ದ. ಇವರ ಅನುಭವಗಳನ್ನೆಲ್ಲ ಡೇವಿ 1800ರಲ್ಲಿ ತನ್ನ ಪುಸ್ತಕದ ಕೊನೆಯ ಭಾಗದಲ್ಲಿ ಅಚ್ಚು ಹಾಕಿಸಿದ.

ಕೋಲ್‌ರಿಡ್ಜ್ ಬರೆದದ್ದನ್ನು ನೋಡಿ. ಹಿಮದಲ್ಲಿ ನಡೆದು ಬಂದು ಬೆಚ್ಚಗಿನ ಕೋಣೆಯೊಳಗೆ ಕಾಲಿಟ್ಟಾಗ ಮೈಗೆಲ್ಲ ಹಿತವಾದ ಬಿಸಿ ಹರಡುತ್ತದಲ್ಲ, ಹಾಗಾಯಿತು ಅನ್ನುತ್ತಾನೆ. ಆಮೇಲೆ, ತನ್ನನ್ನೇ ನೋಡುತ್ತಾ ನಿಂತವರನ್ನು ಕಂಡು ನಗಬೇಕು ಅನ್ನಿಸಿತು ಅನ್ನುತ್ತಾನೆ. ಇನ್ನೊಮ್ಮೆ ಸೇದಿದಾಗ ಕಾಲನ್ನು ನೆಲಕ್ಕೆ ಬಡಿಯುವುದನ್ನು ತಡೆಯಲಾಗಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ ಅಂತ ಬರೆಯುತ್ತಾನೆ. ಸೌದಿ ತಮ್ಮನಿಗೆ ಬರೆದ ಪತ್ರದಲ್ಲಿ, ಡೇವಿ ಹೊಸದೊಂದು ಸುಖವನ್ನೇ ಕಂಡುಹಿಡಿದಿದ್ದಾನೆ, ಅದಕ್ಕೆ ಭಾಷೆಯಲ್ಲಿ ಹೆಸರೇ ಇಲ್ಲ ಅನ್ನುತ್ತಾನೆ. ರೋಜೆ ಮಾತ್ರ ತನಗೆ ಸುಖವೇನೂ ಆಗಲಿಲ್ಲ ಅಂದ. ಅದನ್ನೂ ಡೇವಿ ಹಾಗೇ ಅಚ್ಚು ಹಾಕಿಸಿದ್ದಾನೆ. ಇದು ನನಗೆ ಬಹಳ ಇಷ್ಟ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಪ್ರಯೋಗದ ಫಲಿತಾಂಶ ಅಂದರೆ ವಾಕ್ಯಗಳು. ಥರ್ಮಾಮೀಟರ್ ತೋರಿಸದ್ದನ್ನು ಮನುಷ್ಯನ ಮಾತು ಹೇಳಬೇಕು. ಆ ಮಾತನ್ನು ಓದುವುದಕ್ಕೆ ಸಾಹಿತ್ಯ ಓದಿದವರು ಬೇಕೇ ಬೇಕು. ಡೇವಿಗೂ ಈ ಕಷ್ಟ ಗೊತ್ತಿತ್ತು. ಸುಖ ದುಃಖ ಒಮ್ಮೆ ಕಳೆದ ಮೇಲೆ ಅವನ್ನು ಹಾಗೇ ನೆನಪಿಗೆ ತಂದುಕೊಳ್ಳಲು ಆಗುವುದಿಲ್ಲ, ಆ ಗಳಿಗೆಯಲ್ಲಿ ಅವಕ್ಕೆ ಅಂಟಿಕೊಂಡ ಪದಗಳ ಮೂಲಕವೇ ಅವುಗಳ ಬಗ್ಗೆ ಯೋಚಿಸಬೇಕು ಅಂತ ಅದೇ ಪುಸ್ತಕದಲ್ಲಿ ಬರೆಯುತ್ತಾನೆ. ಅದೇ 1800ರಲ್ಲಿ ವರ್ಡ್ಸ್‌ವರ್ತ್ ಏನು ಬರೆಯುತ್ತಿದ್ದ? ಮನಸ್ಸು ಶಾಂತವಾದಾಗ ಮತ್ತೆ ನೆನೆದ ಭಾವನೆಯಿಂದ ಕವಿತೆ ಹುಟ್ಟುತ್ತದೆ ಅಂತ. ಇಬ್ಬರ ಮುಂದೆಯೂ ಇದ್ದದ್ದು ಒಂದೇ ಪ್ರಶ್ನೆ. ಉತ್ತರ ಬೇರೆ ಬೇರೆ.

ಅವರಿಬ್ಬರೂ ದೂರದವರೇನಲ್ಲ. 1800ರ ಜುಲೈನಲ್ಲಿ ವರ್ಡ್ಸ್‌ವರ್ತ್ ಡೇವಿಗೆ ಪತ್ರ ಬರೆದ. 'ಲಿರಿಕಲ್ ಬ್ಯಾಲಡ್ಸ್' ಅನ್ನುವ ವರ್ಡ್ಸ್‌ವರ್ತ್, ಕೋಲ್‌ರಿಡ್ಜ್ ಪದ್ಯಗಳ ಪುಸ್ತಕದ ಎರಡನೇ ಮುದ್ರಣದ ಕೆಲಸ ಬ್ರಿಸ್ಟಲ್‌ನಲ್ಲಿ ನಡೆಯುತ್ತಿತ್ತು. ಪದ್ಯಗಳನ್ನು ಕಳಿಸುತ್ತಿದ್ದೇನೆ, ಅಲ್ಪವಿರಾಮ ಪೂರ್ಣವಿರಾಮ ತಪ್ಪಿದ್ದರೆ ತಿದ್ದಿಕೊಡಿ, ಆ ಕೆಲಸ ನನಗೆ ಬರುವುದಿಲ್ಲ ಅಂತ ಕೇಳಿದ. ಆಗಿನ್ನೂ ಇಬ್ಬರೂ ಮುಖಾಮುಖಿ ಭೇಟಿಯೇ ಆಗಿರಲಿಲ್ಲ. ಇಂಗ್ಲಿಷ್ ರೊಮ್ಯಾಂಟಿಕ್ ಕಾವ್ಯದ ದೊಡ್ಡ ಪುಸ್ತಕ ಪ್ರೂಫ್ ತಿದ್ದಿಸಿಕೊಳ್ಳಲು ಹೋದದ್ದು ಕೆಮಿಸ್ಟ್ ಹತ್ತಿರ!

ಕೆಮಿಸ್ಟ್ರಿ_ಮೇಡಂ

ಪ್ರೂಫ್ ವಿಷಯ ಗೊತ್ತೇ ಇರಲಿಲ್ಲ. ರೋಜೆಯ ಮಾತನ್ನು ಬಿಡದೆ ಹಾಕಿದ್ದು ಮೆಚ್ಚುವಂಥದ್ದು. ತನಗೆ ಒಪ್ಪದ ಫಲಿತಾಂಶವನ್ನೂ ಬರೆಯಬೇಕು ಅಂತ ನಾವು ಲ್ಯಾಬಿನಲ್ಲಿ ಮಕ್ಕಳಿಗೆ ದಿನಾ ಹೇಳುವುದು ಇದನ್ನೇ.

ಲೀಡ್ಸ್_ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ಇರುವವಳು, ಸಾಫ್ಟ್‌ವೇರ್ ಕೆಲಸ. ಹಳೇಪುಸ್ತಕ ಅವರು ಹೇಳಿದ ನೋಟ್‌ಬುಕ್ ಯೋಜನೆಯಲ್ಲಿ ನಾನೂ ಒಂದಷ್ಟು ಪುಟ ಮಾಡಿದ್ದೇನೆ. ಅದು ಜೂನಿವರ್ಸ್ ಅನ್ನುವ ತಾಣದಲ್ಲಿ ನಡೆಯಿತು. ಯಾರು ಬೇಕಾದರೂ ಸೇರಬಹುದಿತ್ತು. ಸುಮಾರು 75 ನೋಟ್‌ಬುಕ್ಕುಗಳು, ಹೆಚ್ಚಿನವು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅನ್ನುವ ವಿಜ್ಞಾನ ಸಂಸ್ಥೆಯಲ್ಲಿ ಇರುವಂಥವು. ಸಾವಿರಾರು ಜನ ಕೈಹಾಕಿದರು.

ಪರದೆಯ ಮೇಲೆ ಒಂದು ಪುಟದ ಫೋಟೋ ಬರುತ್ತದೆ. ನೀವು ಸಾಲು ಸಾಲಾಗಿ ಓದಿ ಟೈಪ್ ಮಾಡಬೇಕು. ಡೇವಿಯ ಕೈಬರಹ ಓಡುವ ಬರಹ. ಮಸಿ ಚೆಲ್ಲಿದ ಕಲೆಗಳು ಬೇರೆ. ಪುಸ್ತಕವನ್ನು ಒಂದು ಕಡೆಯಿಂದ ಶುರು ಮಾಡಿ, ಆಮೇಲೆ ತಲೆಕೆಳಗು ಮಾಡಿ ಹಿಂದಿನಿಂದಲೂ ಬರೆಯುತ್ತಿದ್ದ. ಹಾಗಾಗಿ ಒಂದೇ ಪುಟದಲ್ಲಿ ಆಮ್ಲದ ಲೆಕ್ಕ ನೇರವಾಗಿದ್ದರೆ ಪದ್ಯದ ಸಾಲು ತಲೆಕೆಳಗಾಗಿ ಇರುತ್ತದೆ. ಒಂದು ಪದ ಬರೆದು ಹೊಡೆದು ಹಾಕಿ, ಮೇಲೆ ಇನ್ನೊಂದು ಬರೆದು, ಅದನ್ನೂ ಹೊಡೆದು ಹಾಕಿ, ಮತ್ತೆ ಮೊದಲಿನ ಪದಕ್ಕೇ ಬಂದಿರುತ್ತಾನೆ. ಹೊಡೆದು ಹಾಕಿದ್ದನ್ನೂ ನಾವು ಟೈಪ್ ಮಾಡಬೇಕಿತ್ತು. ಅದು ನನಗೆ ಬಹಳ ಹಿಡಿಸಿತು. ಅಚ್ಚಾದ ಪುಸ್ತಕದಲ್ಲಿ ಅವನು ಅನುಮಾನವೇ ಇಲ್ಲದವನ ಹಾಗೆ ಕಾಣುತ್ತಾನೆ. ನೋಟ್‌ಬುಕ್ಕಿನಲ್ಲಿ ಹಾಗಲ್ಲ.

ನೈಟ್ರಸ್ ಆಕ್ಸೈಡ್ ಸೇದಿದ ಮೇಲೆ ಬರೆದ ಪದ್ಯವೂ ಈ ನೋಟ್‌ಬುಕ್ಕುಗಳಲ್ಲೇ ಇದೆ. 1800ರ ಪುಸ್ತಕಕ್ಕೆ ಅದನ್ನು ಹಾಕಲಿಲ್ಲ.

ಎಂಎ_ಫೈನಲ್

ಮೇಡಂ, ಪ್ರೊಫೆಸರ್‌ಗಳು ತಾವೇ ಮಾಡಿದ್ದರೆ ಬೇಗ ಮುಗಿಯುತ್ತಿರಲಿಲ್ಲವಾ? ಎಲ್ಲರೂ ಕೈಹಾಕಿದರೆ ತಪ್ಪು ಜಾಸ್ತಿ ಆಗಲ್ವಾ?

ಲೀಡ್ಸ್_ಕನ್ನಡತಿ

ಇಲ್ಲ ಕಣೋ. ಇಷ್ಟೊಂದು ಪುಟ ನಾಲ್ಕೈದು ಜನ ಕೂತು ಮಾಡುವ ಕೆಲಸವಲ್ಲ. ತಿದ್ದುವ ಸಂಪಾದಕರು ಇದ್ದೇ ಇದ್ದರು. ಒಂದು ಪದ ಗೊತ್ತಾಗದಿದ್ದರೆ ಅಲ್ಲೇ ಚರ್ಚೆಯಲ್ಲಿ ಕೇಳಬಹುದಿತ್ತು. ಹಳೆಯ ಕೆಮಿಸ್ಟ್ರಿ ಗೊತ್ತಿದ್ದವರು, ಕಾರ್ನ್‌ವಾಲ್ ಊರುಗಳ ಹೆಸರು ಗೊತ್ತಿದ್ದವರು ಬಂದು ಹೇಳುತ್ತಿದ್ದರು. ಒಬ್ಬರಿಗೇ ಇಷ್ಟೆಲ್ಲ ಗೊತ್ತಿರಲು ಸಾಧ್ಯವಿಲ್ಲ.

ಅರಿವಳಿಕೆ_ಡಾಕ್ಟರ್

ತಡವಾಗಿ ಬಂದೆ. ನಾನು ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವವನು. ಡೇವಿ ಅಂದ ಕೂಡಲೆ ನಮ್ಮವರಿಗೆ ನೆನಪಾಗುವುದು 1800ರ ಪುಸ್ತಕದ ಒಂದೇ ಒಂದು ವಾಕ್ಯ. ಈ ಅನಿಲಕ್ಕೆ ಮೈಯ ನೋವನ್ನು ಇಲ್ಲವಾಗಿಸುವ ಶಕ್ತಿ ಇರುವ ಹಾಗೆ ಕಾಣುತ್ತದೆ, ರಕ್ತ ಹೆಚ್ಚು ಹರಿಯದ ಆಪರೇಷನ್ನುಗಳಲ್ಲಿ ಇದನ್ನು ಬಳಸಿದರೆ ಅನುಕೂಲವಾದೀತು ಅಂತ ಬರೆದಿದ್ದಾನೆ. ಆಮೇಲೆ ಯಾರೂ ಅದನ್ನು ಎತ್ತಿಕೊಳ್ಳಲೇ ಇಲ್ಲ. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ತನ್ನ ಹಲ್ಲನ್ನೇ ಈ ಅನಿಲ ಸೇದಿ ಕೀಳಿಸಿಕೊಂಡ. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ಮಾರ್ಟನ್ ಅನ್ನುವ ಇನ್ನೊಬ್ಬ ದಂತವೈದ್ಯ ಈಥರ್ ಕೊಟ್ಟು ನೋವಿಲ್ಲದೆ ಆಪರೇಷನ್ ಆಗುವುದನ್ನು ಎಲ್ಲರೆದುರು ತೋರಿಸಿದ. ನಡುವೆ ನಲವತ್ತಕ್ಕೂ ಹೆಚ್ಚು ವರ್ಷ ವ್ಯರ್ಥ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನೈಟ್ರಸ್ ಆಕ್ಸೈಡ್ ಒಂದರಿಂದಲೇ ದೊಡ್ಡ ಆಪರೇಷನ್ ಮಾಡಲು ಆಗುವುದಿಲ್ಲ. ಅಷ್ಟು ಶಕ್ತಿ ಅದಕ್ಕಿಲ್ಲ. ಆಮ್ಲಜನಕಕ್ಕೂ ಜಾಗ ಬಿಡಬೇಕಲ್ಲ. ನೋವು ಕಡಿಮೆ ಮಾಡುತ್ತದೆ, ಅಷ್ಟೇ. ಹೆರಿಗೆ ನೋವಿಗೆ ಅರ್ಧ ಆಮ್ಲಜನಕ, ಅರ್ಧ ಇದು ಬೆರೆಸಿ ಕೊಡುವುದು ಇವತ್ತಿಗೂ ಇದೆ. ಆದರೆ ಹಲ್ಲು ಕೀಳಲು, ಕೀವು ತೆಗೆಯಲು ಅವತ್ತೇ ಬಳಸಬಹುದಿತ್ತು. ಯಾಕೆ ಬಳಸಲಿಲ್ಲ ಅನ್ನುವುದು ಕೆಮಿಸ್ಟ್ರಿಯ ಪ್ರಶ್ನೆಯಲ್ಲ ಅಂತ ನನಗೆ ಮೊದಲಿನಿಂದಲೂ ಅನ್ನಿಸಿದೆ. ಸಾಹಿತ್ಯದವರು ಏನು ಹೇಳುತ್ತೀರಿ?

ಪುಟಗಳ_ನಡುವೆ

ಡಾಕ್ಟ್ರೇ, ನಿಮ್ಮ ಪ್ರಶ್ನೆ ಓದಿ ನನಗೆ ನೆನಪಾದದ್ದು ಕಾದಂಬರಿಗಾರ್ತಿ ಫ್ಯಾನಿ ಬರ್ನಿ. ಡೇವಿ ಆ ವಾಕ್ಯ ಬರೆದು ಹನ್ನೊಂದು ವರ್ಷ ಆಗಿತ್ತು. 1811ರ ಸೆಪ್ಟೆಂಬರ್ 30, ಪ್ಯಾರಿಸ್. ಬರ್ನಿಗೆ ಸ್ತನದಲ್ಲಿ ಗಡ್ಡೆ. ವಯಸ್ಸು 59. ನೆಪೋಲಿಯನ್ನನ ಸೇನೆಯ ದೊಡ್ಡ ಸರ್ಜನ್ ಲಾರೆ ಬಂದು ಆಪರೇಷನ್ ಮಾಡಿದ. ಮನೆಯಲ್ಲೇ, ಹಾಸಿಗೆಯ ಮೇಲೆ. ಅರಿವಳಿಕೆ ಇಲ್ಲ. ಕುಡಿಯಲು ಒಂದಿಷ್ಟು ದ್ರಾಕ್ಷಾರಸದ ಮದ್ದು ಕೊಟ್ಟರು, ಅಷ್ಟೇ.

ಕಪ್ಪು ಬಟ್ಟೆ ಹಾಕಿಕೊಂಡ ಏಳು ಗಂಡಸರು ಕೋಣೆಯೊಳಗೆ ಬಂದರು ಅಂತ ಬರೆಯುತ್ತಾಳೆ. ಮುಖಕ್ಕೆ ತೆಳು ಕರ್ಚೀಫು ಹೊದಿಸಿದರು. ಬಟ್ಟೆ ಅಷ್ಟು ತೆಳುವಾಗಿತ್ತು, ಅದರೊಳಗಿನಿಂದ ಉಕ್ಕಿನ ಹೊಳಪು ಕಾಣುತ್ತಿತ್ತು. ಕತ್ತರಿಸುವಷ್ಟು ಹೊತ್ತೂ ಚೀರುತ್ತಲೇ ಇದ್ದಳು. ಆ ಚೀರು ಈಗಲೂ ಕಿವಿಯಲ್ಲಿ ಇಲ್ಲವಲ್ಲ ಅನ್ನುವುದೇ ತನಗೆ ಆಶ್ಚರ್ಯ ಅನ್ನುತ್ತಾಳೆ. ಅಕ್ಕನಿಗೆ ಬರೆದ ಪತ್ರ ಅದು. ಬರೆದು ಮುಗಿಸಲು ತಿಂಗಳುಗಳೇ ಹಿಡಿದವು. ತಿರುಗಿ ಓದುವ ಧೈರ್ಯ ಬರಲಿಲ್ಲ. ಆಕೆ ಬದುಕಿದಳು, 1840ರವರೆಗೆ.

ನಾನು ಇದನ್ನು ಓದಿದ್ದು ಅಮ್ಮನ ಆಪರೇಷನ್ ಆದ ವರ್ಷ. ಅಮ್ಮ ಮಲಗಿದರು, ಎದ್ದರು, 'ಆಯ್ತಾ?' ಅಂತ ಕೇಳಿದರು. ನಿಮ್ಮಂಥವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಅರಿವಳಿಕೆ_ಡಾಕ್ಟರ್

ಈ ಪತ್ರದ ಬಗ್ಗೆ ಕೇಳಿದ್ದೆ, ಇಷ್ಟು ವಿವರ ಗೊತ್ತಿರಲಿಲ್ಲ. ನಮ್ಮ ಜೂನಿಯರ್‌ಗಳಿಗೆ ಕಳಿಸುತ್ತೇನೆ. ಕರ್ಚೀಫಿನ ವಿವರ ಮನಸ್ಸಿನಿಂದ ಹೋಗುತ್ತಿಲ್ಲ.

ಹಳೇಪುಸ್ತಕ

ಡಾಕ್ಟರ್ ಕೇಳಿದ 'ಯಾಕೆ'ಗೆ ಪೂರ್ತಿ ಉತ್ತರ ಒಬ್ಬರ ಹತ್ತಿರ ಸಿಗುವುದು ಕಷ್ಟ. ನನಗೆ ಮುಖ್ಯ ಅನ್ನಿಸುವುದು ಇದು. ಡೇವಿ ಮತ್ತು ಗೆಳೆಯರ ಕುತೂಹಲ ಇದ್ದದ್ದು ಹೊಸ ಸುಖದ ಮೇಲೆ. ನೋವು ಹೋಗುವುದು ಅವರಿಗೆ ಪಕ್ಕದ ವಿಷಯವಾಗಿತ್ತು. 1799ರ ಡಿಸೆಂಬರ್ 26ರಂದು ಡೇವಿ ಗಾಳಿಯಾಡದ ಪೆಟ್ಟಿಗೆಯೊಳಗೆ ಈ ಅನಿಲ ಸೇದುತ್ತಾ ಒಂದು ಗಂಟೆಗೂ ಹೆಚ್ಚು ಕೂತ. ಹೊರಗೆ ಬಂದು ಇನ್ನಷ್ಟು ಸೇದಿದ. ಬಾಯಿಂದ ಚೀಲ ಕಿತ್ತುಕೊಂಡಾಗ ಸುತ್ತ ನಿಂತವರ ಮೇಲೆ ಸಿಟ್ಟು ಬಂತಂತೆ. ಜಗತ್ತಿನಲ್ಲಿ ಇರುವುದು ಯೋಚನೆಗಳು ಮಾತ್ರ, ಇಡೀ ವಿಶ್ವ ಅನಿಸಿಕೆ, ಕಲ್ಪನೆ, ಸುಖ, ನೋವುಗಳಿಂದಲೇ ಆಗಿದೆ ಅಂತ ಕೂಗಿದ. ಹೀಗೆ ತಲೆ ಆಕಾಶದಲ್ಲಿದ್ದಾಗ ಹಲ್ಲು ಕೀಳುವ ಯೋಚನೆ ಹಿಂದೆ ಬಿತ್ತು. ನೋವು ಆಪರೇಷನ್ನಿನ ಭಾಗ, ಸಹಿಸಲೇಬೇಕು ಅನ್ನುವ ನಂಬಿಕೆಯೂ ಆಗ ಬಲವಾಗಿತ್ತು. ಆ ನಂಬಿಕೆಯನ್ನು ನೋಡಬೇಕಾದರೆ ಪತ್ರ, ಪದ್ಯ, ಕಾದಂಬರಿಗಳನ್ನೇ ತೆಗೆಯಬೇಕು. ಭಾವನೆಗೂ ಚರಿತ್ರೆ ಇದೆ ಅಂತ ನಾನು ನಂಬುವುದು ಇಂಥ ಕಡೆ.

ಫ್ರಾಂಕೆನ್‌ಸ್ಟೈನ್ ಬಗ್ಗೆಯೂ ಹೇಳಿಬಿಡುತ್ತೇನೆ. ಮೇರಿ ಶೆಲ್ಲಿ 1816ರ ಅಕ್ಟೋಬರ್‌ನಲ್ಲಿ ಡೇವಿಯ ಕೆಮಿಸ್ಟ್ರಿ ಓದುತ್ತಿದ್ದಳು ಅಂತ ಅವಳ ದಿನಚರಿಯಲ್ಲೇ ಇದೆ. ಕಾದಂಬರಿ ಅಚ್ಚಾದದ್ದು 1818ರಲ್ಲಿ. ಅವಳ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1795ರಲ್ಲಿ ಥೇಮ್ಸ್ ನದಿಗೆ ಹಾರಿದ್ದಳು. ಪ್ರಜ್ಞೆ ತಪ್ಪಿದ್ದವಳನ್ನು ಮೇಲೆತ್ತಿ ಉಳಿಸಿದರು. ಮುಳುಗಿದವರನ್ನು ಮತ್ತೆ ಉಸಿರಾಡಿಸುವುದು ಹೇಗೆ ಅಂತ ಜನರಿಗೆ ಕಲಿಸಲೆಂದೇ ಲಂಡನ್ನಿನಲ್ಲಿ 1774ರಿಂದ ಒಂದು ಸಂಘ ಇತ್ತು. ಸತ್ತಂತೆ ಕಂಡವರು ಎದ್ದು ಕೂರುವುದು ಮೇರಿ ಶೆಲ್ಲಿಗೆ ಬರೀ ಕಟ್ಟುಕಥೆಯಲ್ಲ, ಮನೆಯ ಕಥೆ. ಕಾದಂಬರಿಯಲ್ಲಿ ಫ್ರಾಂಕೆನ್‌ಸ್ಟೈನ್ ಕಟ್ಟಿ ಜೀವ ಕೊಟ್ಟ ಜೀವಿ ಕಣ್ಣು ತೆರೆಯುವ ಪುಟವನ್ನು ಇದು ಗೊತ್ತಿದ್ದು ಓದಿ ನೋಡಿ.

ಧಾರವಾಡದ_ಓದುಗ

ಎಲ್ಲ ಓದಿದೆ. ಒಂದು ತಕರಾರು ಇದೆ, ಹೇಳಿಯೇ ಬಿಡುತ್ತೇನೆ. ಪದ್ಯ ಓದಿದಾಗ ಎದೆಗೆ ತಾಗಬೇಕು. ಕವಿ ಯಾವ ಲೆಕ್ಚರ್ ಕೇಳಿದ್ದ, ಯಾವ ಅನಿಲ ಸೇದಿದ್ದ ಅನ್ನುವುದರ ಹಿಂದೆ ಬಿದ್ದರೆ ಪದ್ಯ ಕೈತಪ್ಪಿ ಹೋಗುತ್ತದೆ. ನಮ್ಮ ಮೇಷ್ಟ್ರು ಶೆಲ್ಲಿಯನ್ನು ಓದಿ ಹೇಳುತ್ತಿದ್ದಾಗ ಕ್ಲಾಸು ಪೂರ್ತಿ ಸುಮ್ಮನಾಗುತ್ತಿತ್ತು. ಅವರಿಗೆ ಈ ಯಾವ ಚರಿತ್ರೆಯೂ ಬೇಕಾಗಿರಲಿಲ್ಲ.

ಹಳೇಪುಸ್ತಕ

ನಿಮ್ಮ ಮೇಷ್ಟ್ರಂಥವರು ಸಿಕ್ಕಿದ್ದು ನಿಮ್ಮ ಪುಣ್ಯ. ಚೆನ್ನಾಗಿ ಓದಿ ಹೇಳುವುದಕ್ಕೆ ಬದಲಿ ಇಲ್ಲ, ಒಪ್ಪುತ್ತೇನೆ. ಆದರೆ ಆ ಕವಿಗಳೇ ಈ ಬೇಲಿ ಹಾಕಿಕೊಂಡಿರಲಿಲ್ಲ. ಕೋಲ್‌ರಿಡ್ಜ್ 1802ರಲ್ಲಿ ಲಂಡನ್ನಿನಲ್ಲಿ ಡೇವಿಯ ಲೆಕ್ಚರುಗಳಿಗೆ ಹೋಗಿ ಕೂತು ನೋಟ್ಸ್ ಬರೆದುಕೊಂಡ. ಅದೇ ವರ್ಷ ವರ್ಡ್ಸ್‌ವರ್ತ್ 'ಲಿರಿಕಲ್ ಬ್ಯಾಲಡ್ಸ್'ನ ತನ್ನ ಮುನ್ನುಡಿಗೆ ಹೊಸ ಭಾಗ ಸೇರಿಸಿ, ರಸಾಯನ ವಿಜ್ಞಾನಿ, ಸಸ್ಯ ವಿಜ್ಞಾನಿ, ಖನಿಜ ವಿಜ್ಞಾನಿಗಳ ಶೋಧನೆಗಳು ಜನರ ಬದುಕಿಗೆ ಹತ್ತಿರ ಬಂದಾಗ ಕವಿಗೂ ಅವು ವಸ್ತುವಾಗುತ್ತವೆ ಅಂದ. ನಾಟಕಗಾರ್ತಿ ಜೊವಾನಾ ಬೈಲಿಯನ್ನು ನೋಡಿ. ಅವಳ ಸೋದರಮಾವಂದಿರು ಹಂಟರ್ ಸಹೋದರರು, ಹೆಸರಾಂತ ಅಂಗರಚನಾ ತಜ್ಞರು. ಅಣ್ಣ ಮ್ಯಾಥ್ಯೂ ದೊಡ್ಡ ಡಾಕ್ಟರ್. ಅವಳು 1798ರಲ್ಲಿ ಒಂದೊಂದೇ ಭಾವವನ್ನು ಹಿಡಿದು ನಾಟಕ ಬರೆಯಲು ಶುರು ಮಾಡಿದಳು. ದ್ವೇಷದ ಮೇಲೊಂದು, ಪ್ರೀತಿಯ ಮೇಲೊಂದು. ಒಂದು ಭಾವ ಮನುಷ್ಯನಲ್ಲಿ ಹೇಗೆ ಹುಟ್ಟಿ ಬೆಳೆದು ಅವನನ್ನೇ ತಿನ್ನುತ್ತದೆ ಅಂತ ಹೆಜ್ಜೆ ಹೆಜ್ಜೆಗೂ ತೋರಿಸುವುದು ಅವಳ ಹಟ. ಡಾಕ್ಟರುಗಳ ಬಂಧುಬಳಗದ ನಡುವೆ ಪಳಗಿದ ಕಣ್ಣು ಅದು.

ನಿವೃತ್ತ_ಮೇಷ್ಟ್ರು

ಹಳೇಪುಸ್ತಕ ಅವರ ಮೊದಲ ಮಾತಿಗೆ ನನ್ನದೊಂದು ಸೇರ್ಪಡೆ. ಭಾವನೆ ಕವಿಗೆ, ಲೆಕ್ಕ ವಿಜ್ಞಾನಿಗೆ ಅನ್ನುವ ಆ ಹಂಚಿಕೆ ನಮ್ಮ ತನಕ ಬಂದ ದಾರಿಯನ್ನೂ ನೋಡಬೇಕು. ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂತು. ಕನ್ನಡದ ನವೋದಯಕ್ಕೆ ಅದು ಎಷ್ಟು ದೊಡ್ಡ ಬಾಗಿಲು ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಶ್ರೀಯವರು ಆರಿಸಿದ ಪದ್ಯಗಳಲ್ಲಿ ಹೆಚ್ಚಿನವು ಪಾಲ್‌ಗ್ರೇವ್ 1861ರಲ್ಲಿ ತಂದ 'ಗೋಲ್ಡನ್ ಟ್ರೆಷರಿ' ಸಂಕಲನದವು. ಪಾಲ್‌ಗ್ರೇವ್ ಆರಿಸಿದ್ದು ಚಿಕ್ಕ ಭಾವಗೀತೆಗಳನ್ನು ಮಾತ್ರ. ಗಿಡಗಳ ವಿಜ್ಞಾನವನ್ನೇ ಪದ್ಯದಲ್ಲಿ ಬರೆದ ಎರಾಸ್ಮಸ್ ಡಾರ್ವಿನ್‌ನಂಥವರಿಗೆ ಅಂಥ ಸಂಕಲನದಲ್ಲಿ ಜಾಗ ಸಿಗುವುದಿಲ್ಲ. ಹಾಗಾಗಿ ರೊಮ್ಯಾಂಟಿಕ್ ಕವಿಗಳು ನಮಗೆ ಸಿಕ್ಕಿದ್ದು ಪ್ರಯೋಗಾಲಯ, ಆಸ್ಪತ್ರೆ ಎಲ್ಲ ಕಳಚಿಕೊಂಡು. ಇದು ಶ್ರೀಯವರ ಮೇಲಿನ ದೂರಲ್ಲ. ಅವರ ಕೈಗೆ ಬಂದದ್ದೇ ಹಾಗೆ ಸೋಸಿ ಬಂದಿತ್ತು.

ಕೆಮಿಸ್ಟ್ರಿ_ಮೇಡಂ

ಮೇಷ್ಟ್ರೇ, ಇದನ್ನು ಯಾರಾದರೂ ಪೂರ್ತಿ ಲೇಖನ ಮಾಡಬೇಕು. ನೀವೇ ಬರೆಯಿರಿ.

ಎಂಎ_ಫೈನಲ್

ನನ್ನ ಪ್ರಾಜೆಕ್ಟಿಗೆ ವಿಷಯ ಸಿಕ್ಕಿತು ಅನ್ನಿಸುತ್ತಿದೆ. ಸರ್, ಎಲ್ಲಿಂದ ಶುರು ಮಾಡಲಿ? ವಿಮರ್ಶೆಯ ಪುಸ್ತಕ ಮೊದಲು ಓದಲಾ?

ಹಳೇಪುಸ್ತಕ

ಬೇಡ. ಮೊದಲು 1800ರ ಪುಸ್ತಕದ ಕೊನೆಯ ಭಾಗ ಓದು. ಅನಿಲ ಸೇದಿದವರು ಬರೆದುಕೊಟ್ಟ ಅನುಭವಗಳು ಅಲ್ಲಿವೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆಮೇಲೆ ಕೋಲ್‌ರಿಡ್ಜ್ 1798ರಲ್ಲಿ ಬರೆದ 'ಫ್ರಾಸ್ಟ್ ಅಟ್ ಮಿಡ್‌ನೈಟ್' ತೆಗೆ. ಹೊರಗೆ ಹಿಮ, ಒಳಗೆ ಬೆಂಕಿಯ ಪಕ್ಕ ಒಬ್ಬ ಮನುಷ್ಯ. ಅನಿಲದ ಅನುಭವ ಬರೆಯುವಾಗ ಅದೇ ಕವಿಗೆ ಹಿಮ ಮತ್ತು ಬೆಚ್ಚಗಿನ ಕೋಣೆಯೇ ಯಾಕೆ ನೆನಪಾಯಿತು ಅಂತ ಒಂದು ಪುಟ ಬರೆದು ಇಲ್ಲಿ ಹಾಕು. ರಸ್ಟನ್ ಅವರ ಪುಸ್ತಕ ಅದರ ಮೇಲೆ. ಲೀಡ್ಸ್ ಮೇಡಂ, ನೋಟ್‌ಬುಕ್ ಪುಟಗಳ ಕೊಂಡಿ ನಿಮ್ಮ ಹತ್ತಿರ ಇದ್ದರೆ ಈ ಹುಡುಗನಿಗೆ ಕಳಿಸುತ್ತೀರಾ?

ಲೀಡ್ಸ್_ಕನ್ನಡತಿ

ಈಗಲೇ ಮೆಸೇಜ್ ಮಾಡುತ್ತೇನೆ. ಪದ್ಯ ಇರುವ ಪುಟಗಳನ್ನೇ ಮೊದಲು ಕಳಿಸುತ್ತೇನೆ. ಕೈಬರಹ ಗೊತ್ತಾಗದಿದ್ದರೆ ಕೇಳು, ಸಂಕೋಚ ಬೇಡ.